ಹಿತ್ತಿಲ ಮದುವೆ

ನರಸಿಂಹರಾಜಪುರ
16 ಫೆಬ್ರವರಿ 2025

ಅಮ್ಮ,

ಅಜ್ಜಂಗೆ ಹೇಳಿದ್ದು ನಾನಲ್ಲ. ಇನ್ನೊಂದ್ಸಲ ಬರೀತೀನಿ, ಕನ್ನಡಕ ಹಾಕ್ಕೊಂಡು ಓದು. ನಾನಲ್ಲ. ನಿನ್ನ ಹತ್ರ ಜಗಳ ಆಡಿ ಬಸ್ ಹತ್ತಿ ಇಲ್ಲಿ ಬಂದು ಚೀಲ ಇಳ್ಸೋ ಮೊದ್ಲೇ ಅಜ್ಜ ಕೇಳ್ತು, 'ನಿನ್ನಮ್ಮಂದು ಯಾವತ್ತಂತೋ?' ಅಂತ. ಅದಕ್ಕೆ ಎಲ್ಲ ಗೊತ್ತಿತ್ತು. ಯಾರು ಹೇಳಿದ್ರೋ ಅವ್ರನ್ನ ಹಿಡ್ಕೊಂಡು ಬೈ.

ಇನ್ನೊಂದು. ನೀನು ಮದುವೆ ಆಗ್ಬಾರ್ದು ಅಂತ ನಾನು ಯಾವತ್ತು ಹೇಳ್ದೆ? ಪ್ರಸನ್ನ ಮಾಮ ಶಾಮಿಯಾನ ಅಂಗಡಿ ಶಟರ್ ಎಳ್ದು ಸೀದಾ ನಮ್ಮನೆಗೆ ಬಂದು ಚಾ ಕುಡಿಯೋದನ್ನ ಐದು ವರ್ಷದಿಂದ ನೋಡ್ತಾ ಇದ್ದೀನಿ. ನಂಗೆ ಬರೀ ಚಾ, ಅವ್ರಿಗೆ ಏಲಕ್ಕಿ ಚಾ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೋನು ಅಂದ್ರೆ ಕಣ್ಣೂ ಬಿಟ್ಟಿದ್ದಾನೆ ಅಂದ್ಕೊಂಡ್ಯಾ?

ನಂಗೆ ಉರಿದಿದ್ದು ಕಿಗ್ಗದ್ದಕ್ಕೆ. ಮಾರ್ಚ್ ಎರಡಕ್ಕೆ ಕಿಗ್ಗದಲ್ಲಿ ಗೃಹಪ್ರವೇಶ ಇದೆ, ದೊಡ್ಡ ಚಪ್ಪರ, ನೀನು ಹಿಂದಿನ ದಿನವೇ ಹೋಗಿ ಅಲ್ಲೇ ಉಳ್ಕೋಬೇಕು ಅಂತ ನೀನೂ ಮಾಮನೂ ಮುಖ ಮುಖ ನೋಡ್ಕೊಂಡು ಹೇಳಿದ್ರಿ. ಅಂಗಳ ನೋಡ್ದೆ ಕಂಬ ಲೋಡ್ ಮಾಡೋ ಮಗನಾ ನಾನು? ಬೈಕ್ ತಗೊಂಡು ಅಳತೆಗೆ ಹೋದೆ. ಆ ಮನೆಯವ್ರು ಜಗುಲಿ ಮೇಲೆ ಬಾಳೆ ಎಲೆ ಒರೆಸ್ತಾ ಕೂತಿದ್ರು. 'ಯಾರ ಗೃಹಪ್ರವೇಶ ಮಾರಾಯ? ಈ ಮನೆ ಕಟ್ಟಿ ಮೂವತ್ತು ವರ್ಷ ಆತು. ಬಿಸಿಲಲ್ಲಿ ಬಂದಿದ್ದೀಯ, ಬಾ, ಮಜ್ಜಿಗೆ ಕುಡಿ' ಅಂದ್ರು. ಟೇಪು ಹಿಡ್ಕೊಂಡು ಮಂಗನ ಥರ ನಿಂತಿದ್ದೆ. ಕುಡ್ದೆ. ಮಜ್ಜಿಗೆ ಚೆನ್ನಾಗಿತ್ತು.

ಜಗಳದಲ್ಲಿ ನೀನೇ ಬಾಯಿ ಬಿಟ್ಟೆ, ಮಾರ್ಚ್ ಎರಡಕ್ಕೆ ನಿನ್ನ ಮದುವೆ. ಮಗನ್ನ ದೂರ ಓಡ್ಸೋಕೆ ಸುಳ್ಳು ಆರ್ಡರ್. ನನ್ನ ಕೆಲಸ ಇಟ್ಕೊಂಡೇ ನಂಗೆ ಸುಳ್ಳು.

ಫೋನ್ ಗೋಡೆಗೆ ಹೊಡ್ದೆ, ಹೋಯ್ತು, ಹೊಸದು ತಗೊಳಲ್ಲ. ಫೋನಲ್ಲಿ ನೀನು ಅಳ್ತೀಯ, ನಾನು ಕಿರುಚ್ತೀನಿ. ಹೇಳೋದಿದ್ರೆ ಬರ್ದು ಬೆಳಗ್ಗೆ ಬಸ್ಸಿನ ಕಂಡಕ್ಟರ್ ಕೈಲಿ ಕೊಡು. ಸ್ಟ್ಯಾಂಡಲ್ಲಿ ಇಸ್ಕೋತೀನಿ.

ಉಜ್ವಲ್


ಶೃಂಗೇರಿ
25 ಫೆಬ್ರವರಿ 2025

ಉಜ್ವಲ್,

ನಿನ್ನ ಅಮ್ಮ ನಿನಗೆ ಉತ್ತರ ಬರೆಯಲು ಕುಳಿತು ಮೂರು ಹಾಳೆ ಹರಿದಳಂತೆ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಮೊದಲು ತಪ್ಪೊಪ್ಪಿಗೆ: ಕಿಗ್ಗದ ಸುಳ್ಳು ನನ್ನದು. ನನ್ನ ಗಂಡನ ಕಡೆಯವರ ಮನೆ ಅದು. ನೀನು ಟೇಪು ಹಿಡಿದು ಹೋಗುತ್ತೀಯ ಎಂದು ನನಗೆ ಹೊಳೆಯಲಿಲ್ಲ. ನಿನಗೆ ಪಾಠ ಹೇಳಿದ ನಾನೇ ನಿನ್ನನ್ನು ಕಡಿಮೆ ಅಂದಾಜು ಮಾಡಿದೆ.

ಬೈಯುವ ಮೊದಲು ಕೇಳು. ಅಂಬಿಕಾ, ಪ್ರಸನ್ನ, ನಾನು ಕೊಪ್ಪದ ಹೈಸ್ಕೂಲಿನಲ್ಲಿ ಒಂದೇ ತರಗತಿ. ಅವನಿಗೆ ಅವಳ ಮೇಲೆ ಮನಸ್ಸಿತ್ತು ಎಂಬುದು ಇಡೀ ತರಗತಿಗೆ ಗೊತ್ತಿತ್ತು, ಅವಳಿಗೊಬ್ಬಳಿಗೆ ಬಿಟ್ಟು. ಅವನು ಬಾಯಿ ಬಿಡುವಷ್ಟರಲ್ಲಿ ನಿನ್ನ ಅಜ್ಜ ರೇಣುಕಪ್ಪನವರು ತಮ್ಮ ಮಗನಿಗೆ ಹೆಣ್ಣು ಕೇಳಿಕೊಂಡು ಬಂದಾಗಿತ್ತು. ಆ ಮದುವೆಗೆ ಚಪ್ಪರ ಹಾಕಿದ್ದು ಪ್ರಸನ್ನನೇ. ಆಮೇಲೆ ಅವನಿಗೆ ಹಾಸಿಗೆ ಹಿಡಿದ ಅಪ್ಪ, ಇಬ್ಬರು ತಂಗಿಯರು, ಅಂಗಡಿ. ಅಂಬಿಕಾಗೆ ಆರು ವರ್ಷದ ನೀನು, ಸತ್ತ ಗಂಡ, ಮದುವೆಮನೆಗಳ ಅಡುಗೆ. ನನಗೆ ಶಾಲೆ, ಗಂಡನ ವರ್ಗಾವಣೆ, ಈಗ ಮರೆವಿನ ಕಾಯಿಲೆಯ ಅತ್ತೆ. ದಿನಕ್ಕೆ ನಾಲ್ಕು ಸಲ 'ನೀನು ಯಾರ ಮನೆಯವಳೇ?' ಎಂದು ಕೇಳುತ್ತಾರೆ. ಕೆಲವು ದಿನ ನನಗೂ ಸರಿಯಾಗಿ ಗೊತ್ತಿರುವುದಿಲ್ಲ. ನಮ್ಮ ಮೂವರಲ್ಲಿ ಒಬ್ಬರಿಗಾದರೂ ಬೇಕಾದ್ದು ಸಿಗುತ್ತದಲ್ಲ ಎಂದು ಆಸೆಬಿದ್ದು ನಾನು ಸುಳ್ಳು ಹೇಳಿಸಿದೆ.

ಇದು ಉಡಿಕೆ. ಗಂಡ ಸತ್ತವಳಿಗೆ ನಿಮ್ಮ ಹಿರಿಯರು ಮಾಡುತ್ತಿದ್ದ ಮದುವೆ. ಚಪ್ಪರವಿಲ್ಲ, ವಾದ್ಯವಿಲ್ಲ. ಮುತ್ತೈದೆಯರು ಬರುವುದಿಲ್ಲ. ದೀಪ ಹಚ್ಚಿದ ಮೇಲೆ ಹಿತ್ತಿಲಲ್ಲಿ ಒಂದು ಸೀರೆ ಉಡಿಸಿ ಕಳಿಸುವುದು. ಹೊಟ್ಟೆಯಲ್ಲಿ ಹುಟ್ಟಿದ ಮಗ ಅದನ್ನು ನೋಡಬಾರದಂತೆ. ಈಗ ಹೀಗೆ ಯಾರೂ ಮಾಡುವುದಿಲ್ಲ ಎಂದು ನಾನು ವಾದಿಸಿದೆ. ಆದರೆ ನಿನ್ನ ಅಜ್ಜ ಅಂಬಿಕಾಳನ್ನು ಕರೆಸಿ ಷರತ್ತು ಹಾಕಿದ್ದಾರೆ: ಉಡಿಕೆಯಾದರೆ ಮಾತ್ರ ಅವರ ಒಪ್ಪಿಗೆ. ಇನ್ನೂ ಒಂದು ಷರತ್ತಿದೆಯಂತೆ. ಅದನ್ನು ಅವಳು ನನಗೂ ಹೇಳುತ್ತಿಲ್ಲ. ಹೇಳುವಂತಿದ್ದರೆ ಹೇಳುತ್ತಿದ್ದಳು.

ದಿನವನ್ನು ಮುಂದಕ್ಕೆ ಹಾಕಿದ್ದಾರೆ. ನೀನು ಬಂದು ಅವಳ ಹತ್ತಿರ ಒಂದು ಮಾತಾಡು.

ಸುಮನಾ


ನರಸಿಂಹರಾಜಪುರ
3 ಮಾರ್ಚ್ 2025

ಸುಮನಾ ಮಿಸ್,

ಇನ್ನೊಂದು ಷರತ್ತು ಎಂತ ಅಂತ ನಾನು ಹೇಳ್ತೀನಿ. ಇನ್ನೊಂದು ಷರತ್ತು ನಾನು.

ನಿಮ್ಮ ಕಾಗದ ಓದಿ ಅಜ್ಜನ್ನ ಕೇಳ್ದೆ. ಅಜ್ಜ ಮುಚ್ಚಿಡ್ಲಿಲ್ಲ, ಅದೊಂದು ಒಳ್ಳೆ ಗುಣ. 'ಅವಳು ಬೇಕಾದ್ರೆ ಹೋಗ್ಲಿ ಮಾರಾಯ, ಹೋಗೋಳನ್ನ ಹಿಡಿಯಕ್ಕಾಗಲ್ಲ. ನೀನು ಈ ಮನೆ ಬಳ್ಳಿ. ನೀನು ಅವನ ಮನೆ ಹೊಸ್ತಿಲು ತುಳಿಯಂಗಿಲ್ಲ' ಅಂತು. 'ನಿಮ್ಮಮ್ಮ ಒಪ್ಪಿದ್ದಾಳೆ' ಅಂತಲೂ ಅಂತು. ಅಜ್ಜ ನಂಗೆ ಹೊಸ ಮಂಚ ತರ್ಸಿದೆ. ಅಪ್ಪನ ಫೋಟೋ ತಂದು ಮಂಚದ ಮೇಲೆ ನೇತಾಕಿದೆ. ಆಮೇಲೆ ಚುಚ್ಚಿತು, 'ಬಾಯಿ ತುಂಬ ಮಾಮ ಮಾಮ ಅಂತಿದ್ಯಲ್ಲ, ಅಮ್ಮನ ಅಣ್ಣ ತಮ್ಮಂಗೆ ಅನ್ನೋ ಮಾತು ಅದು. ಇನ್ಮೇಲೆ ಎಂತ ಅಂತ ಕರೀತೀಯೋ?' ಅದಕ್ಕೂ ಸಿಟ್ಟು ಬಂತು.

ಮಿಸ್, ನಾನು ಇಪ್ಪತ್ತು ವರ್ಷದ ಗಂಡಸು. ಶಾಮಿಯಾನದ ಪಾತ್ರೆ ಥರ ಆ ಮನೆಯಿಂದ ಈ ಮನೆಗೆ ಎತ್ತಿಡೋಕೆ ಇವ್ರಿಬ್ರೂ ಯಾರು? ಕೊಟ್ಟಿದ್ದು ಅಜ್ಜ ಅಲ್ಲ, ಅಮ್ಮ. ಒಂದು ಮಾತು ಕೇಳ್ದೆ ಕೊಟ್ಟಳು. ನನ್ನ ಎದುರಿಗೆ ಉಪ್ಪಿಟ್ಟು ಬಡಿಸ್ತಾ, ಇನ್ನೊಂಚೂರು ಹಾಕ್ಲಾ ಅಂತ ಕೇಳಿದ್ಲು. ಉಪ್ಪಿಟ್ಟಿಗೆ ಕೇಳಿದ್ಲು, ಇದಕ್ಕೆ ಕೇಳ್ಲಿಲ್ಲ.

ಮತ್ತೆ ಆ ಉಡಿಕೆ. ಹಿತ್ತಿಲು ಅಂತೆ, ಕತ್ತಲೆ ಅಂತೆ. ಎಂತಕ್ಕೆ, ಏನು ಕದ್ದಿದ್ದಾಳೆ ಅಮ್ಮ?

ನಿಮಗೆ ಗೊತ್ತಿಲ್ಲದ್ದು ಒಂದು ಹೇಳ್ತೀನಿ. ಶಾಲೆ ಬಿಟ್ಟಾಗಿಂದ ಕಂಬ ಹೊರ್ತಾ ಇದ್ದೀನಿ. ಎಷ್ಟು ಮದುವೆ ಅಂತ ಲೆಕ್ಕ ಇಲ್ಲ. ಅಮ್ಮ ಅಡುಗೆ, ನಾನು ಚಪ್ಪರ. ಮುನ್ನೂರು ಜನಕ್ಕೆ ಹೋಳಿಗೆ ಮಾಡ್ತಾಳೆ, ಮದುಮಗಳಿಗೆ ತಿನ್ನಿಸೋ ಪಾಯಸ ಅವಳೇ ಮಾಡ್ತಾಳೆ. ಆಮೇಲೆ ಗಟ್ಟಿಮೇಳ ಅಂದ ತಕ್ಷಣ ಎದ್ದು ಅಡುಗೆ ಶೆಡ್ಡಿನ ಹಿಂದೆ ಹೋಗ್ತಾಳೆ. ಅಕ್ಷತೆ ತಟ್ಟೆ ಎದುರಿಗೆ ಬರ್ಬಾರ್ದು ಅಂತ. ಅಲ್ಲಿ ನಿಂತು ಸೌಟು ಎಣಿಸ್ತಾಳೆ. ಎಣಿಸಿದ್ದನ್ನೇ ಎಣಿಸ್ತಾಳೆ. ನಾನು ಏಣಿ ಮೇಲಿಂದ ನೋಡಿದ್ದೀನಿ. ಊರಿನ ಮದುವೆಲೆಲ್ಲ ಹಿಂದೆ ನಿಂತೋಳಿಗೆ ಅವಳ ಮದುವೆಲೂ ಹಿತ್ತಿಲೇನಾ?

ಬಂದು ಒಂದು ಮಾತಾಡು ಅಂತ ಬರ್ದಿದ್ದೀರ. ಬರಲ್ಲ. ನನ್ನ ಕೊಟ್ಟೋಳೇ ಬರೀಲಿ.

ಉಜ್ವಲ್


ಕೊಪ್ಪ
19 ಮಾರ್ಚ್ 2025

ಉಜ್ಜು,

ಸುಮನಾ ನಿನ್ನ ಕಾಗದ ತಂದು ಓದ್ಸಿದ್ಲು. ಎರಡು ವಾರ ಆಯ್ತು. ದಿನಾ ಬರೀಬೇಕು ಅಂತ ಕೂತ್ಕೊಳ್ತೀನಿ, ಒಲೆ ಮೇಲೆ ಏನೋ ಉಕ್ಕತ್ತೆ.

ನೀನು ಸಿಟ್ಟು ಮಾಡ್ಕೊಂಡು ಸೀದಾ ಅಜ್ಜನ ಮನೆಗೆ ಹೋದ್ಯಲ್ಲ, ಆಗ ನಿಂಗೂ ಅದೇ ಬೇಕೇನೋ ಅಂದ್ಕೊಂಡೆ. ನಂಗೆ ನಾಚಿಕೆ ಆಯ್ತು ಮಗ. ನಲವತ್ತಾರು ವರ್ಷಕ್ಕೆ ಇವಳಿಗೆ ಇದೆಲ್ಲ ಯಾಕೆ ಅಂತ ನೀನು ಅನ್ನೋ ಮೊದ್ಲು ನಾನೇ ಅಂದ್ಕೊಂಡೆ. ಅದಕ್ಕೂ ಮೊದ್ಲೇ ಅಜ್ಜ ನನ್ನ ಕರ್ಸಿ ಹುಡುಗ ಇಲ್ಲೇ ಇರ್ಲಿ ಅಂದಾಗ ಹ್ಞೂಂ ಅಂದ್ಬಿಟ್ಟೆ. ಅನ್ನಬಾರ್ದಿತ್ತು. ಅಂದ್ಬಿಟ್ಟೆ.

ಬಾಳೆಹೊನ್ನೂರು, ಎನ್.ಆರ್. ಪುರದ ಕಡೆ ನನ್ನ ಅಡುಗೆಗೆ ಕರೆಯೋದು ರೇಣುಕಪ್ಪನೋರ ಸೊಸೆ ಅಂತ. ಆ ಹೆಸರು ತೆಗೆದ್ರೆ ನಾನ್ಯಾರು? ನನ್ನ ಜೊತೆ ಕೆಲಸಕ್ಕೆ ಆರು ಜನ ಹೆಂಗಸ್ರು ಬರ್ತಾರೆ. ಅದರಲ್ಲಿ ನಾಲ್ಕು ಜನ ನನ್ನ ಹಂಗೇ ಗಂಡ ಇಲ್ದವ್ರು. ಅಜ್ಜ ಒಂದು ಮಾತು ಅಂದ್ರೆ ಬರೋ ಸೀಸನ್ನಿಗೆ ಎಲ್ರೂ ಮನೇಲಿ ಕೂರ್ಬೇಕು. ಇದನ್ನೆಲ್ಲ ತೂಗಿ ನೋಡ್ದೆ. ಹಿತ್ತಿಲಾದ್ರೆ ಹಿತ್ತಿಲು, ಆಮೇಲೆ ಮನೆ ಒಳಗೆ ಯಾರು ನೋಡ್ತಾರೆ ಅನ್ನಿಸ್ತು.

ಪ್ರಸನ್ನಂಗೆ ಬೈಬೇಡ. ನಿನ್ನ ಮೇಲಿನ ಷರತ್ತಿನ ಬಗ್ಗೆ ಅವ್ರಿಗೆ ಏನೂ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಜ್ಜನ ಮನೆ ಸಾರಿಗೆ ಹುಳಿ ಜಾಸ್ತಿ, ನಿಂಗೆ ಆಗಲ್ಲ.

ಅಮ್ಮ


ನರಸಿಂಹರಾಜಪುರ
21 ಮಾರ್ಚ್ 2025

ಪ್ರಸನ್ನ ಮಾಮ,

ನಿಮಗೆ ಏನೂ ಗೊತ್ತಿಲ್ಲ ಅಂತ ಅಮ್ಮ ಬರ್ದಿದ್ದಾಳೆ. ಪಾಪ.

ನಿನ್ನೆ ಅಜ್ಜನ ಬಾಯಿ ಬಿಡ್ಸಿದೆ. ಜನವರಿಲಿ ಸಂಕ್ರಾಂತಿ ಆಗಿ ನಾಲ್ಕು ದಿನಕ್ಕೆ ನೀವೇ ಬಂದಿದ್ರಂತೆ, ಬಿಳಿ ಶರ್ಟು, ಕೈಲಿ ಬಾಳೆಹಣ್ಣು. 'ನಿಮ್ಮ ಸೊಸೇನ ಮದುವೆ ಆಗ್ಬೇಕು ಅಂತಿದ್ದೀನಿ, ಅಪ್ಪಣೆ ಕೊಡಿ' ಅಂದ್ರಂತೆ. ಷರತ್ತೆಲ್ಲ ಹೇಳಿದಾಗ ತಲೆ ತಗ್ಗಿಸಿ 'ನೀವು ಹೇಳಿದ ಹಂಗೆ' ಅಂದ್ರಂತೆ. ನನ್ನ ಇಲ್ಲಿಟ್ಕೊಳ್ಳೋದಕ್ಕೂ ನೀವು ಹೇಳಿದ ಹಂಗೆ. ಬಾಳೆಹಣ್ಣು ಚೆನ್ನಾಗಿತ್ತಂತೆ, ಅಜ್ಜ ಹೇಳ್ತು.

ಅಜ್ಜಂಗೆ ನೀನೇ ಹೇಳ್ದೆ ಅಂತ ಅಮ್ಮ ನನ್ನ ಮೇಲೆ ಕೂಗಾಡ್ವಾಗ ನೀವು ಅಲ್ಲೇ ಕುರ್ಚಿ ಮೇಲೆ ಕೂತಿದ್ರಿ. ಚಾ ಕುಡೀತಿದ್ರಿ. ನಾನಲ್ಲ ನಾನಲ್ಲ ಅಂತ ನಾನು ಗಂಟಲು ಹರ್ಕೊಂಡೆ. ನೀವು ಲೋಟ ಕೆಳಗಿಡ್ಲಿಲ್ಲ. ಏಣಿ ಮೇಲಿದ್ದಾಗ ಕೆಳಗಿಂದ ಹಿಡ್ಕೊಂಡೋನು ಕೈ ಬಿಟ್ರೆ ಹೆಂಗಾಗತ್ತೆ ಅಂತ ನಂಗೆ ಹೇಳಿಕೊಟ್ಟೋರು ನೀವೇ.

ಮೂವತ್ತು ವರ್ಷ ಬಾಯಿ ಮುಚ್ಕೊಂಡು ಇದ್ರಂತೆ, ಮಿಸ್ ಹೇಳಿದ್ರು. ಬಾಯಿ ಬಿಟ್ಟಿದ್ದು ಯಾರ ಹತ್ರ? ಅಜ್ಜನ ಹತ್ರ. ಮದುವೆ ಆಗೋದು ಅಮ್ಮನ್ನ, ಮಗ ನಾನು, ಅಪ್ಪಣೆ ಅಜ್ಜಂದು.

ಕೆಲಸ ಬಿಟ್ಟಿದ್ದೀನಿ. ಬೇರೆ ಹುಡುಗ್ರನ್ನ ಹುಡುಕ್ಕೊಳಿ.

ಉಜ್ವಲ್


ಕೊಪ್ಪ
27 ಮಾರ್ಚ್ 2025

ಪ್ರೀತಿಯ ಉಜ್ವಲ್,

ನೀನು ಬರೆದದ್ದೆಲ್ಲ ನಿಜ. ನಿನ್ನ ಕಾಗದವನ್ನು ಅಂಬಿಕಾಳ ಕೈಗೆ ಕೊಟ್ಟೆ. ಓದಿ ಮಡಿಸಿ ಇಟ್ಟಳು. ಎಂಟು ದಿನದಿಂದ ನನ್ನ ಹತ್ತಿರ ಮಾತಿಲ್ಲ ಎಂದು ಬರೆಯಲು ಹೊರಟಿದ್ದೆ, ಎಣಿಸಿದರೆ ನಾಲ್ಕೇ ದಿನ.

ಹಿರಿಯರಿಗೆ ಮೊದಲು ತಿಳಿಸುವುದು ಮರ್ಯಾದೆ ಎಂದುಕೊಂಡೆ. ಅವರು ಮುಖದ ಮೇಲೆ ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆನೇನೋ. ಬೈಯಲಿಲ್ಲ. ಗೋಡೆಯಲ್ಲಿದ್ದ ನಿನ್ನ ಅಪ್ಪನ ಫೋಟೋ ನೋಡುತ್ತಾ, 'ಅವನ ಹೆಸರು ಹೇಳೋಕೆ ಆ ಹುಡುಗ ಒಬ್ಬ ಇದ್ದಾನೆ' ಎಂದರು. ಆಗ ನನ್ನ ಬಾಯಿಂದ ಹೂಂ ಬಂದುಬಿಟ್ಟಿತು. ಆಮೇಲೆ ಅವತ್ತು ನಿಮ್ಮ ಮನೆಯಲ್ಲಿ ಜಗಳವಾದಾಗ ಹೆದರಿದೆ. ಅವಳು ಬೇಡ ಎಂದುಬಿಟ್ಟರೆ ಎಂದು ಹೆದರಿದೆ. ಅಷ್ಟೇ, ಬೇರೆ ಕಾರಣವಿಲ್ಲ.

ಕೇಳಬೇಕಾಗಿದ್ದು ನಿನ್ನನ್ನು. ಈಗ ಕೇಳುತ್ತಿದ್ದೇನೆ. ನಿನ್ನ ಅಮ್ಮನನ್ನು ಮದುವೆಯಾಗಲೇ? ಹಗಲಿನಲ್ಲಿ, ಅಂಗಳದಲ್ಲಿ, ಎಲ್ಲರೆದುರು, ನೀನು ಎದುರಿಗೆ ಇದ್ದು. ನೀನು ಬೇಡವೆಂದರೂ ಅಂಗಡಿಯ ಬಾಗಿಲು ನಿನಗೆ ತೆರೆದೇ ಇರುತ್ತದೆ.

ಏನೆಂದು ಕರೆಯಬೇಕು ಎಂಬ ಚಿಂತೆ ಬೇಡ. ಮಾಮ ಎಂದೇ ಅನ್ನು. ಕಂಬ ಎತ್ತುವಾಗ 'ಓಯ್' ಅನ್ನುತ್ತೀಯಲ್ಲ, ಅದಾದರೂ ಸಾಕು.

ಪ್ರಸನ್ನಕುಮಾರ್


ನರಸಿಂಹರಾಜಪುರ
30 ಮಾರ್ಚ್ 2025

ಓಯ್,

ಆಗಿ. ಆದ್ರೆ ನನ್ನ ಒಪ್ಪಿಗೆ ತಗೊಂಡು ಎಂತ ಮಾಡ್ತೀರ? ಅವಳನ್ನ ಕೇಳಿ. ಹಿತ್ತಿಲು ಸಾಕು ಅಂತ ಕೂತಿರೋಳು ಅವಳು. ಹಿತ್ತಿಲಾದ್ರೆ ನಾನು ಬರಲ್ಲ, ಈ ಜನ್ಮದಲ್ಲಿ ನಿಮ್ಮಿಬ್ಬರ ಮುಖ ನೋಡಲ್ಲ. ಹಗಲಾದ್ರೆ ಅಜ್ಜ ಕಟ್ಟಿ ಹಾಕಿದ್ರೂ ಬರ್ತೀನಿ. ಇದನ್ನ ಅವಳಿಗೆ ಓದಿ ಹೇಳಿ, ಮೆತ್ತಗೆ ಮಾಡಿ ಹೇಳ್ಬೇಡಿ.

ಸಿಟ್ಟು ಹೋಗಿಲ್ಲ.

ಉಜ್ವಲ್


ಕೊಪ್ಪ
11 ಏಪ್ರಿಲ್ 2025

ಉಜ್ಜು,

ನಿನ್ನೆ ಬಾಳೆಹೊನ್ನೂರ ಹತ್ರ ಮದುವೆ ಅಡುಗೆ ಇತ್ತು. ನಿಮ್ಮಜ್ಜನ ಕಡೆ ನೆಂಟ್ರದ್ದೇ. ಹುಡುಗಿ ಶಿಲ್ಪಶ್ರೀ ಅಂತ, ಚಿಕ್ಕೋಳಿದ್ದಾಗ ನನ್ನ ಕೈ ಹೋಳಿಗೆಗೆ ಒಲೆ ಹತ್ರ ಬಂದು ಕೂರೋಳು. ಗಟ್ಟಿಮೇಳ ಅಂದ್ರು. ನಾನು ಎದ್ದೆ. ಶೆಡ್ಡಿನ ಹಿಂದೆ ಹೋಗೋಕೇ ಎದ್ದಿದ್ದು, ದೇವರಾಣೆ. ಸೌಟು ಕೈಲಿತ್ತು. ನೀನು ಮಿಸ್ಸಿಗೆ ಬರ್ದಿದ್ದು ನೆನಪಾಯ್ತು. ಏಣಿ ಮೇಲಿಂದ ನೀನು ನೋಡ್ತಿದ್ದೆ ಅಂತ ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ.

ಸೌಟು ಇಟ್ಟೆ. ಕೈ ಸೆರಗಿಗೆ ಒರೆಸ್ಕೊಂಡು ಸೀದಾ ಒಳಗೆ ಹೋದೆ. ತಟ್ಟೆಯಿಂದ ಅಕ್ಷತೆ ತಗೊಂಡೆ, ಹಾಕ್ದೆ. ಅರ್ಧ ನನ್ನ ಕಾಲ ಮೇಲೇ ಬಿತ್ತು. ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ ಎದ್ದು ಆಚೆ ಸಾಲಿಗೆ ಹೋದ್ರು. 'ಅಂಬಿಕಾ, ನಿಂಗೆ ತಲೆ ಸರಿ ಇದ್ಯಾ?' ಅಂತ ಯಾರೋ ಅಂದ್ರು. 'ಸರಿ ಇದೆ, ಸಾರು ಆರತ್ತೆ, ಬೇಗ ಊಟಕ್ಕೆ ಏಳಿ' ಅಂದೆ. ಬಂದು ಬಡ್ಸಿದೆ. ಎಲ್ರೂ ಉಂಡ್ರು. ಎದ್ದು ಹೋದಾಕೆ ಎರಡು ಹೋಳಿಗೆ ತಿಂದ್ರು, ನೋಡ್ದೆ.

ಸಂಜೆ ಮುಂದಿನ ತಿಂಗಳ ಎರಡು ಆರ್ಡರ್ ಬೇಡ ಅಂತ ಫೋನ್ ಬಂತು. ನನ್ನ ಜೊತೆಯವ್ರಿಗೆ ಹೇಳ್ದೆ. ಆಮೇಲೆ ವೀರಬಸಮ್ಮ, ಅದೇ, ಈರುಳ್ಳಿ ಹೆಚ್ಚೋಳು, 'ಹೋದ್ರೆ ಹೋಗ್ಲಿ ಅಕ್ಕ, ನಿನ್ನ ಮದುವೆ ಅಡುಗೆ ನಾವೇ ಮಾಡ್ತೀವಿ, ನೀನು ಒಲೆ ಹತ್ರ ಬಂದ್ರೆ ಕಾಲು ಮುರೀತೀನಿ' ಅಂದ್ಲು.

ಏಪ್ರಿಲ್ ಇಪ್ಪತ್ತು, ಭಾನುವಾರ, ಬೆಳಗ್ಗೆ ಹತ್ತೂವರೆ. ಪ್ರಸನ್ನನ ಮನೆ ಅಂಗಳ. ಸುಮನಾ ಅವಳ ಅತ್ತೇನೂ ಕರ್ಕೊಂಡು ಬರ್ತಾಳಂತೆ. ಅಜ್ಜಂಗೆ ನಾನೇ ಫೋನ್ ಮಾಡಿ ಹೇಳಿದ್ದೀನಿ. ಕೇಳಿ ಇಟ್ಬಿಟ್ರು.

ನಿನ್ನ ಕೇಳ್ದೆ ಕೊಟ್ಟಿದ್ದೆ. ಈಗ ಕೇಳ್ತೀನಿ. ಬರ್ತೀಯಾ? ನಂಗೆ ಹೆದ್ರಿಕೆ ಆಗ್ತಿದೆ ಮಗ.

ಅಮ್ಮ


ನರಸಿಂಹರಾಜಪುರ
20 ಏಪ್ರಿಲ್ 2025

ಅಜ್ಜ,

ಈ ಕಾಗದ ನಿನ್ನ ಚೊಂಬಿನ ಕೆಳಗೆ ಇಟ್ಟಿದ್ದೀನಿ. ಎದ್ದ ತಕ್ಷಣ ನೀರು ಕುಡೀತೀಯ, ಸಿಗತ್ತೆ.

ಒಂಬತ್ತು ದಿನದಿಂದ ನಾವಿಬ್ರೂ ಕಚ್ಚಾಡಿದ್ದು ಸಾಕು. 'ಹೋದ್ರೆ ವಾಪಸ್ ಬರ್ಬೇಡ' ಅಂತ ನಿನ್ನೆ ಅಂದೆ. ಬರ್ತೀನಿ. ನಿನ್ನ ಮಾತು ನಡ್ಸೋಕೆ ನಾನು ಪ್ರಸನ್ನ ಮಾಮ ಅಲ್ಲ. ಬುಧವಾರ ಬರ್ತೀನಿ, ಒಳಗೆ ಬಿಡ್ದಿದ್ರೆ ಜಗುಲಿ ಮೇಲೆ ಕೂರ್ತೀನಿ. ಬೈಯೋದು ಬಾಕಿ ಇದ್ರೆ ಅವತ್ತಿಗೆ ಇಟ್ಕೋ.

ಅಪ್ಪನ ಹೆಸರು ಹೇಳೋರು ಯಾರು ಅಂತ ಕೇಳ್ತೀಯಲ್ಲ. ನಾನು ಹೇಳ್ತೀನಿ. ಮರುಳಸಿದ್ದಪ್ಪನ ಮಗ ಉಜ್ವಲ್ ಅಂತ ಇವತ್ತು ಆ ಅಂಗಳದಲ್ಲೇ ನಿಂತು ಹೇಳ್ತೀನಿ, ಮೈಕಲ್ಲಿ ಹೇಳ್ತೀನಿ. ಅಮ್ಮ ಇನ್ನೊಬ್ರ ಕೈ ಹಿಡಿದ್ರೆ ಅಪ್ಪ ಎರಡನೇ ಸಲ ಸಾಯಲ್ಲ. ಹದಿನಾಲ್ಕು ವರ್ಷ ಅವಳು ನಿನ್ನ ಮನೆ ಹೆಸರು ಹೊತ್ಕೊಂಡು ಊರೂರು ಅಡುಗೆ ಮಾಡಿದ್ಲು. ಒಂದು ದಿನ ನೀನು ಅವಳಿಗೆ ಉಂಡ್ಯಾ ಅಂತ ಕೇಳಿದ್ದು ನಾನು ನೋಡಿಲ್ಲ. ನಿಂಗೆ ಮಗ ಹೋದ. ಅವಳಿಗೆ ಏನೂ ಹೋಗ್ಲಿಲ್ವಾ? ಇದನ್ನ ಮುಖಕ್ಕೆ ಹೇಳ್ಬೇಕಿತ್ತು. ನಿನ್ನ ಮುಖ ನೋಡಿದ್ರೆ ಅಪ್ಪನ ಮೂಗು ಕಾಣತ್ತೆ, ಬಾಯಿ ಬರಲ್ಲ. ಅದಕ್ಕೆ ಬರ್ದೆ.

ಅಪ್ಪನ ಫೋಟೋ ಇಲ್ಲೇ ಇದೆ, ತಗೊಂಡು ಹೋಗ್ತಿಲ್ಲ. ಮಂಚವೂ ಇರ್ಲಿ.

ಹತ್ತೂವರೆಗೆ ಮದುವೆ. ಎಂಟು ಗಂಟೆ ಬಸ್ಸಿಗೆ ಹೊರಟ್ರೂ ಸಿಗತ್ತೆ. ಬಂದ್ರೆ ಮುಂದಿನ ಸಾಲಲ್ಲಿ ಕೂರ್ಬೇಕು, ಹಿಂದೆ ನಿಂತು ಮುಖ ಊದಿಸ್ಕೊಂಡ್ರೆ ಎತ್ಕೊಂಡು ಬಂದು ಕೂರಿಸ್ತೀನಿ. ಬರ್ದಿದ್ರೆ ನಿನ್ನಿಷ್ಟ. ಕರೀಲಿಲ್ಲ ಅಂತ ಮಾತ್ರ ಊರಲ್ಲಿ ಹೇಳ್ಕೊಂಡು ತಿರುಗ್ಬೇಡ. ಕರ್ದಿದ್ದೀನಿ, ಈ ಕಾಗದ ಸಾಕ್ಷಿ.

ಬೆಳಕು ಹರೀತು, ಮೊದಲ ಬಸ್ಸಿಗೆ ಹೊರಡ್ತಾ ಇದ್ದೀನಿ. ನೀನು ಎಚ್ಚರ ಇದ್ದೀಯ, ನಂಗೆ ಗೊತ್ತು. ಆಗ್ಲಿಂದ ಕೆಮ್ಮು ತಡ್ಕೊಂಡು ಗೋಡೆ ಕಡೆ ತಿರುಗಿ ಮಲ್ಗಿದ್ದೀಯ. ಮಲ್ಗು. ಬಾಗಿಲು ಮೆತ್ತಗೆ ಹಾಕ್ಕೊಂಡು ಹೋದ್ರೆ ಕದ್ದು ಹೋದ ಹಂಗಾಗತ್ತೆ. ನಾನು ಕದ್ದು ಹೋಗ್ತಿಲ್ಲ. ಪಕ್ಕದ ಮನೆಯವ್ರು ಎದ್ದು ಕೇಳ್ಲಿ, ಬೀದಿ ಎಲ್ಲ ಕೇಳ್ಲಿ, ಅಮ್ಮನ ಮದುವೆಗೆ ಹೊರಟಿದ್ದೀನಿ. ಬಾಗಿಲು ಎಳ್ದು ಬಡೀತೀನಿ.

ಕೇಳಿಸ್ಕೋ.

ಉಜ್ವಲ್